ಕಪಲ್ ಥೆರಪಿಗೆ ಹೋಗೋ ಮುಂಚೆ ಮನೇಲೇ ಒಂದ್ಸಲ ಕೂತು ಮಾತಾಡ್ಕೊಳ್ಳಿ

ನಾನೂ ನನ್ನ ಗಂಡನೂ ಕಪಲ್ ಥೆರಪಿಗೆ, ಅಂದ್ರೆ ಜೋಡಿಯಾಗಿ ಥೆರಪಿಸ್ಟ್ ಮುಂದೆ ಕೂತು ನಮ್ಮ ಜಗಳದ ಬಗ್ಗೆ ಮಾತಾಡೋಕೆ, ಹೋಗ್ತಿದ್ವಿ ಅಂತ ಫ್ರೆಂಡ್ಸ್ ಸರ್ಕಲ್ಲಲ್ಲಿ ಗೊತ್ತಾದ್ಮೇಲೆ ಆಗಾಗ ಯಾರಾದ್ರೂ ವಾಟ್ಸಾಪಲ್ಲಿ "ಯಾರ ಹತ್ರ ಹೋಗಿದ್ರಿ, ನಂಬರ್ ಕಳ್ಸೇ" ಅಂತ ಮೆಸೇಜ್ ಹಾಕ್ತಾರೆ. ನಂಬರ್ ಕೊಡೋಕೇನು, ಎರಡು ಸೆಕೆಂಡ್ ಕೆಲ್ಸ. ಆದ್ರೆ ನಾನು ಮೊದಲು ವಾಪಸ್ ಒಂದು ಪ್ರಶ್ನೆ ಕೇಳ್ತೀನಿ: ಹೋಗ್ಬೇಕು ಅಂತ ಅನ್ಸಿರೋದು ಯಾರಿಗೆ, ನಿಂಗಾ, ಅವ್ನಿಗಾ, ಇಬ್ರಿಗೂನಾ? ಅಲ್ಲಿಗೆ ಮುಕ್ಕಾಲು ಜನ ಸೈಲೆಂಟ್.

ಯಾಕಂದ್ರೆ ಸಾಮಾನ್ಯವಾಗಿ ಒಬ್ರು ಬುಕ್ ಮಾಡಿರ್ತಾರೆ, ಇನ್ನೊಬ್ರು ಹಿಂದೆ ಬಂದಿರ್ತಾರೆ ಅಷ್ಟೇ. ಬುಕ್ ಮಾಡಿದವ್ರಿಗೆ ಮನೆ ಸರಿ ಹೋಗ್ಬೇಕು ಅಂತ ಆಸೆ, ಹಿಂದೆ ಬಂದವ್ರ ತಲೇಲಿ "ದುಡ್ಡು ಕೊಟ್ಟು ನನ್ನನ್ನ ಬೈಸೋಕೆ ಕರ್ಕೊಂಡು ಹೋಗ್ತಿದ್ದಾಳೆ" ಅನ್ನೋ ಲೆಕ್ಕ. ಇನ್ನೊಂದು ಥರದವ್ರೂ ಇದಾರೆ, ಮದ್ವೆ ಬಿಟ್ಟು ಹೊರಗೆ ಹೋಗೋದು ಅಂತ ಮನಸ್ಸಲ್ಲಿ ಆಗ್ಲೇ ತೀರ್ಮಾನ ಮಾಡ್ಬಿಟ್ಟಿರ್ತಾರೆ, ನಾಳೆ ಅಪ್ಪ ಅಮ್ಮ ಕೇಳಿದ್ರೆ "ಥೆರಪಿನೂ ಟ್ರೈ ಮಾಡಿದ್ವಿ" ಅನ್ನೋಕೆ ಒಂದು ಸಾಕ್ಷಿ ಬೇಕು ಅಂತ ಬಂದು ಕೂತಿರ್ತಾರೆ. ಇಂಥ ಬೇರೆ ಬೇರೆ ಲೆಕ್ಕ ಇಟ್ಕೊಂಡು ಇಬ್ರೂ ಒಂದೇ ಸೋಫಾ ಮೇಲೆ ಕೂತ್ರೆ ಥೆರಪಿಸ್ಟ್ ಎಷ್ಟೇ ಒಳ್ಳೆಯವ್ರಾಗಿದ್ರೂ ಮೊದಲ ತಿಂಗಳು ಅದನ್ನ ಬಿಡಿಸೋದ್ರಲ್ಲೇ ಕಳೆದುಹೋಗುತ್ತೆ.

ಇದಕ್ಕೆ ಅಂತಲೇ ಬೇರೆ ಒಂದು ಪದ್ಧತಿ ಇದೆ, ತುಂಬಾ ಜನಕ್ಕೆ ಗೊತ್ತಿಲ್ಲ. ಅಮೆರಿಕದ ಮಿನೆಸೋಟ ಯೂನಿವರ್ಸಿಟಿಯ ಬಿಲ್ ಡೊಹರ್ಟಿ ಅನ್ನೋರು ಶುರು ಮಾಡಿದ್ದು, ಡಿಸರ್ನ್‌ಮೆಂಟ್ ಕೌನ್ಸೆಲಿಂಗ್ ಅಂತಾರೆ. ಒಬ್ರಿಗೆ ಜೊತೇಲೇ ಇರ್ಬೇಕು, ಇನ್ನೊಬ್ರಿಗೆ ಬಿಟ್ಟು ಹೋಗ್ಬೇಕು ಅಂತ ಇದ್ದಾಗ ಒಂದರಿಂದ ಐದು ಸೆಶನ್, ಅದಕ್ಕಿಂತ ಜಾಸ್ತಿ ಇಲ್ಲ. ಅಲ್ಲಿ ರಿಪೇರಿ ಮಾಡೋಕೆ ಹೋಗೋದೇ ಇಲ್ಲ. ಈಗಿರೋ ಹಾಗೇ ಇರೋದಾ, ಬೇರೆ ಆಗೋದಾ, ಇಲ್ಲ ಬೇರೆ ಆಗೋ ಮಾತನ್ನ ಆರು ತಿಂಗಳು ಪಕ್ಕಕ್ಕಿಟ್ಟು ಸೀರಿಯಸ್ಸಾಗಿ ಥೆರಪಿ ಮಾಡೋದಾ, ಇಷ್ಟು ತೀರ್ಮಾನ ಮಾಡೋಕೆ ಮಾತ್ರ. ನಿಮ್ಮ ಕೇಸ್ ಇದು ಅನ್ನಿಸಿದ್ರೆ ಫೋನಲ್ಲೇ ಹೇಳ್ಬಿಡಿ, "ನಮ್ಮಲ್ಲಿ ಒಬ್ರು ಇನ್ನೂ ಗಟ್ಟಿ ಮನಸ್ಸು ಮಾಡಿಲ್ಲ" ಅಂತ. ಆ ಹೆಸರು ಗೊತ್ತಿಲ್ಲದ ಥೆರಪಿಸ್ಟಿಗೂ ವಿಷ್ಯ ಅರ್ಥ ಆಗುತ್ತೆ.

ನಮ್ಮ ಕಡೆ ಗಂಡ ಹೆಂಡ್ತಿ ಜಗಳ ಅಂದ್ರೆ ಪಂಚಾಯ್ತಿ. ಸೋದರಮಾವ, ದೊಡ್ಡಪ್ಪ, ಪಕ್ಕದ್ಮನೆ ಆಂಟಿ ಎಲ್ಲ ಕೂತು ಇಬ್ರ ಮಾತೂ ಕೇಳಿ ಕೊನೆಗೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಮ್ಮ" ಅಂತ ಒಂದು ತೀರ್ಪು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಗಾದೆ ಬೇರೆ (ನಮ್ಮ ಮನೇಲಿ ಉಂಡಾದ್ಮೇಲೇ ಶುರು ಆಗ್ತಿತ್ತು, ಅದು ಬೇರೆ ಮಾತು). ಈ ಅಭ್ಯಾಸ ಇಟ್ಕೊಂಡು ಹೋದ್ರೆ ಥೆರಪಿಸ್ಟನ್ನ ಥರ್ಡ್ ಅಂಪೈರ್ ಥರ ನೋಡ್ತೀರಾ, ರೀಪ್ಲೇ ತೋರಿಸಿ ಔಟಾ ನಾಟ್ ಔಟಾ ಹೇಳಿ ಅಂತ. ಅವ್ರು ಹೇಳಲ್ಲ. ನೀವು ದೀಪಾವಳಿ ದಿನ ಅತ್ತೆ ಏನಂದ್ರು ಅಂತ ಇಪ್ಪತ್ತು ನಿಮಿಷ ಹೇಳಿದ್ರೆ ಅವ್ರು ಅತ್ತೆ ವಿಷ್ಯ ಬಿಟ್ಟು, ನೀವು ಹೇಳ್ತಿರ್ಬೇಕಾದ್ರೆ ಪಕ್ಕದಲ್ಲಿ ಕೂತಿರೋ ನಿಮ್ಮವ್ರು ಯಾಕೆ ಕಿಟಕಿ ಕಡೆ ನೋಡ್ತಿದ್ರು ಅಂತ ಕೇಳ್ತಾರೆ. ಮೊದ್ಲು ಸಿಟ್ಟು ಬರುತ್ತೆ. ಆದ್ರೆ ಅವ್ರ ಕೆಲ್ಸ ಅದೇ, ಜಗಳದ ವಿಷ್ಯಕ್ಕಿಂತ ಜಗಳ ಯಾವ ದಾರೀಲಿ ಹೋಗುತ್ತೆ ಅಂತ ನೋಡೋದು.

ಈಗ ಬೆಂಗಳೂರಿನವ್ರು ಯಾರೂ ಹೇಳದೇ ಇರೋ ಒಂದು ವಿಷ್ಯ: ಸೆಶನ್ ಯಾವ ಭಾಷೇಲಿ? ಜಗಳ ಆಡೋದು ಕನ್ನಡದಲ್ಲಿ, ಇಂದಿರಾನಗರದಲ್ಲಿ ಎಸಿ ರೂಮಲ್ಲಿ ಕೂತು ಹೇಳೋದು ಇಂಗ್ಲಿಷಲ್ಲಿ ಅಂದ್ರೆ ಯಾರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತೋ ಅವ್ರು ಅರ್ಧ ಗೆದ್ದ ಹಾಗೆ. ನನಗೆ ಗೊತ್ತಿರೋ ಒಂದು ಜೋಡಿ, ಅವ್ಳು ಎಂಎನ್‌ಸಿಲಿ ಎಚ್‌ಆರ್, ದಿನಾ ಫೀಡ್‌ಬ್ಯಾಕ್ ಕೊಡೋದೇ ಕೆಲ್ಸ, "ಐ ಫೀಲ್" ಅಂತ ಶುರು ಮಾಡಿದ್ರೆ ನೀರು ಕುಡಿದ ಹಾಗೆ ಮಾತಾಡ್ತಾಳೆ. ಅವ್ನು ದಾವಣಗೆರೆ ಕಡೆ ಕನ್ನಡ ಮೀಡಿಯಂ, ಬ್ಯಾಂಕಲ್ಲಿ ಕೆಲ್ಸ, ಆಫೀಸ್ ಇಂಗ್ಲಿಷ್ ಬರುತ್ತೆ, ಆದ್ರೆ "ನಮ್ಮಪ್ಪ ಸತ್ತಾಗ ನೀನು ಮೂರೇ ದಿನಕ್ಕೆ ಲ್ಯಾಪ್‌ಟಾಪ್ ತೆಗ್ದೆ" ಅನ್ನೋದನ್ನ ಆ ಭಾಷೇಲಿ ಹೇಳೋಕೆ ಅವ್ನಿಗೆ ಬಾಯೇ ಬರಲ್ಲ. ಸುಮ್ನೆ ಕೂತಿರ್ತಿದ್ದ. ಸುಮ್ನೆ ಕೂತವ್ನು ಇಂಟ್ರೆಸ್ಟ್ ಇಲ್ಲದವ್ನ ಥರ ಕಾಣ್ತಾನೆ. ಆಮೇಲೆ ಕನ್ನಡ ಬರೋ ಥೆರಪಿಸ್ಟ್ ಹತ್ರ ಹೋದ್ರು, ಮೊದಲ ದಿನ ಪೂರ್ತಿ ಅವ್ನೇ ಮಾತಾಡಿದ್ನಂತೆ, ಅವ್ಳಿಗೇ ಶಾಕ್. ಹಾಗಾಗಿ ಬುಕ್ ಮಾಡೋ ಮುಂಚೆ ಕೇಳಿ, ಕನ್ನಡ ಅರ್ಥ ಆಗುತ್ತಾ ಅಂತಲ್ಲ, ಕನ್ನಡದಲ್ಲೇ ಸೆಶನ್ ನಡೆಸ್ತೀರಾ ಅಂತ. ಒಬ್ರು ಕನ್ನಡ ಒಬ್ರು ತೆಲುಗು ಅಂದ್ರೆ ಇಂಗ್ಲಿಷೇ ನ್ಯಾಯ ಬಿಡಿ, ಇಬ್ರಿಗೂ ಸಮ ಕಷ್ಟ.

ಯಾರ ಹತ್ರ ಹೋಗೋದು ಅನ್ನೋದು ದೊಡ್ಡ ಗೊಂದಲ. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಮುಗಿಸಿ ಸೈಕಿಯಾಟ್ರಿ ಓದಿರೋ ಡಾಕ್ಟ್ರು, ಮಾತ್ರೆ ಬರೀತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ (ಮಾತ್ರೆ ಇಲ್ಲದೆ ಮಾತಲ್ಲೇ ಚಿಕಿತ್ಸೆ ಕೊಡೋರು) ಅಂತ ಬೋರ್ಡ್ ಹಾಕ್ಬೇಕಾದ್ರೆ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಅನ್ನೋ ಕೇಂದ್ರದ ಸಂಸ್ಥೆಯಲ್ಲಿ ರಿಜಿಸ್ಟರ್ ಆಗಿರ್ಬೇಕು, ಅದು 1992ರ ಕಾಯ್ದೆ, ಅವ್ರಿಗೊಂದು ಸಿಆರ್‌ಆರ್ ಅನ್ನೋ ರಿಜಿಸ್ಟ್ರೇಶನ್ ನಂಬರ್ ಇರುತ್ತೆ, ಕೇಳಿದ್ರೆ ತಪ್ಪೇನಿಲ್ಲ. ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್ಸ್ ಇದಾರೆ, ಕುಟುಂಬದ ವಿಷ್ಯದಲ್ಲಿ ಅವ್ರು ತುಂಬಾ ಪಳಗಿದವ್ರು, ಜನ ಸುಮ್ನೆ ಕಡೆಗಣಿಸ್ತಾರೆ. ಎಂಎಸ್ಸಿ ಸೈಕಾಲಜಿ ಮಾಡಿ ಆಮೇಲೆ ಕಪಲ್ ವರ್ಕಲ್ಲಿ ಟ್ರೇನಿಂಗ್ ತಗೊಂಡಿರೋ ಕೌನ್ಸೆಲರ್ಸಲ್ಲೂ ಒಳ್ಳೆಯವ್ರಿದಾರೆ. ಇವ್ರಲ್ಲಿ ಯಾರನ್ನೇ ಆದ್ರೂ ಕೇಳ್ಬೇಕಾದ್ದು ಒಂದೇ, ಜೋಡಿಗಳ ಜೊತೆ ಕೆಲ್ಸ ಮಾಡೋಕೆ ಬೇರೆಯಾಗಿ ಏನು ಕಲ್ತಿದೀರಾ? ಒಬ್ರನ್ನ ಕೂರಿಸ್ಕೊಂಡು ಮಾತಾಡ್ಸೋದು ಬೇರೆ, ಕಚ್ಚಾಡೋ ಇಬ್ರನ್ನ ಕೂರಿಸ್ಕೊಳ್ಳೋದು ಬೇರೆ.

ಇವ್ರಲ್ಲದೆ ರಿಲೇಶನ್‌ಶಿಪ್ ಕೋಚ್ ಅಂತ ಹೇಳ್ಕೊಳ್ಳೋರೂ ಇದಾರೆ. ಕೋಚ್ ಅನ್ನೋ ಹೆಸರಿಗೆ ಇಂಥ ಯಾವ ರಿಜಿಸ್ಟ್ರೇಶನ್ನೂ ಬೇಕಿಲ್ಲ. ಇವತ್ತು ನಾನೂ ಇನ್‌ಸ್ಟಾಗ್ರಾಮ್ ಬಯೋದಲ್ಲಿ ರಿಲೇಶನ್‌ಶಿಪ್ ಕೋಚ್ ಅಂತ ಹಾಕ್ಕೋಬಹುದು, ಯಾರೂ ಕೇಳಲ್ಲ. ಇಂಟರ್‌ನ್ಯಾಶನಲ್ ಕೋಚಿಂಗ್ ಫೆಡರೇಶನ್ ಥರದ ಸಂಸ್ಥೆಗಳು ಸರ್ಟಿಫಿಕೇಟ್ ಕೊಡ್ತವೆ, ಅದು ಟ್ರೇನಿಂಗ್ ಆಗಿದೆ ಅನ್ನೋದಕ್ಕೆ ಗುರುತು ಅಷ್ಟೇ, ಲೈಸೆನ್ಸ್ ಅಲ್ಲ. ಹಾಗಂತ ಕೋಚ್ ಎಲ್ಲ ಮೋಸ ಅಂತ ನಾನು ಹೇಳ್ತಿಲ್ಲ. ಮದ್ವೆಗೆ ಮುಂಚೆ ದುಡ್ಡು, ಮಕ್ಕಳು, ಅಪ್ಪ ಅಮ್ಮನ್ನ ಜೊತೇಲಿ ಇಟ್ಕೊಳ್ಳೋದಾ ಅನ್ನೋದನ್ನೆಲ್ಲ ಮಾತಾಡ್ಕೋಬೇಕು, ಇಬ್ರೂ ಚೆನ್ನಾಗೇ ಇದೀವಿ, ಮನೆಗೆಲ್ಸ ಹಂಚ್ಕೊಳ್ಳೋಕೆ ಒಂದು ದಾರಿ ಬೇಕು ಅಂದ್ರೆ ಕೋಚ್ ಸಾಕು. ಆದ್ರೆ ಮನೇಲಿ ಡಿಪ್ರೆಶನ್ ಇದೆ, ಅಫೇರ್ ಆಗಿದೆ, ಕುಡಿತ ಇದೆ, ಹಳೇ ಆಘಾತ ಏನೋ ಇದೆ ಅಂದ್ರೆ ಅದು ಅವ್ರ ಕೈಲಿ ಆಗೋ ಕೆಲ್ಸ ಅಲ್ಲ, ಒಳ್ಳೆ ಕೋಚ್ ಆದ್ರೆ ಅವ್ರೇ ಕಳ್ಸಿಬಿಡ್ತಾರೆ. "ಆರು ವಾರದಲ್ಲಿ ನಿಮ್ಮ ದಾಂಪತ್ಯ ಗ್ಯಾರಂಟಿ ಸರಿ" ಅಂತ ಪೂರ್ತಿ ದುಡ್ಡು ಅಡ್ವಾನ್ಸ್ ಕೇಳಿದ್ರೆ ಎದ್ದು ಬನ್ನಿ. ನಾನು ಹಾಗಂದೇ ಬಿಡ್ತೀನಿ ಎಲ್ರಿಗೂ.

ದುಡ್ಡಿನ ವಿಷ್ಯ ಬಂತಲ್ಲ. ಪ್ರೈವೇಟಲ್ಲಿ ಒಂದು ಸೆಶನ್ನಿಗೆ ಎರಡು ಮೂರು ಸಾವಿರ ಹೇಳೋದು ಇಲ್ಲಿ ಮಾಮೂಲು, ಇಬ್ರು ಅಂದ್ರೆ ಒಂದೂವರೆ ಗಂಟೆ ಇಟ್ಕೊಂಡು ಇನ್ನೂ ಜಾಸ್ತಿ ತಗೊಳ್ಳೋರೂ ಇದಾರೆ. ವಾರಕ್ಕೊಂದ್ಸಲ ಅಂತ ಲೆಕ್ಕ ಹಾಕಿ ಎರಡು ಮೂರು ತಿಂಗಳಿಗೆ ಆಗೋಷ್ಟು ದುಡ್ಡು ಇದೆಯಾ ನೋಡ್ಕೊಳ್ಳಿ, ಮಧ್ಯದಲ್ಲಿ ಗಾಯ ಬಿಚ್ಚಿಟ್ಟು ದುಡ್ಡಿಲ್ಲ ಅಂತ ನಿಲ್ಲಿಸೋದು ಶುರು ಮಾಡ್ದೇ ಇರೋದಕ್ಕಿಂತ ಕಷ್ಟ. ಕಮ್ಮಿ ಖರ್ಚಲ್ಲಿ ಆಗ್ಬೇಕು ಅಂದ್ರೆ ನಮ್ಮೂರಲ್ಲೇ ನಿಮ್ಹಾನ್ಸ್ ಇದೆ ಮಾರಾಯ್ರೆ, ದೇಶದ ಮೂಲೆ ಮೂಲೆಯಿಂದ ಜನ ಬರ್ತಾರೆ, ನಾವು ಹೊಸೂರು ರೋಡಲ್ಲಿ ಅದರ ಮುಂದೆ ಹಾರ್ನ್ ಹೊಡ್ಕೊಂಡು ಹೋಗ್ತೀವಿ. ಅಲ್ಲಿ ಫ್ಯಾಮಿಲಿ ಸೈಕಿಯಾಟ್ರಿ ಸೆಂಟರ್ ಅಂತಲೇ ಬೇರೆ ವಿಭಾಗ ಇದೆ, ಬೇಕಾದ್ರೆ ಕುಟುಂಬ ಸಮೇತ ಉಳ್ಕೊಂಡು ಥೆರಪಿ ತಗೊಳ್ಳೋ ವ್ಯವಸ್ಥೆನೂ ಇದೆ. ದೊಡ್ಡಾಸ್ಪತ್ರೆ ಗೇಟೊಳಗೆ ಹೋಗೋಕೆ ಮುಜುಗರ ಅನ್ನೋರಿಗೆ ಬಿಟಿಎಂ ಲೇಔಟಲ್ಲಿ ಅವ್ರದ್ದೇ ಸೆಂಟರ್ ಫಾರ್ ವೆಲ್ ಬೀಯಿಂಗ್. ಎಲ್ಲಿಗೆ ಹೋಗ್ಬೇಕು ಅಂತಾನೇ ಗೊತ್ತಾಗ್ತಿಲ್ಲ ಅಂದ್ರೆ ಟೆಲಿ ಮಾನಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, 2022ರ ಅಕ್ಟೋಬರಲ್ಲಿ ಶುರುವಾಗಿದ್ದು, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಅಲ್ಲೇ ಕಪಲ್ ಥೆರಪಿ ಮಾಡಲ್ಲ, ದಾರಿ ಹೇಳ್ತಾರೆ.

ಮೊದಲ ಸೆಶನ್ನಲ್ಲೇ ಕೇಳ್ಬೇಕಾದ ಇನ್ನೊಂದು ಪ್ರಶ್ನೆ ಗುಟ್ಟಿನ ಬಗ್ಗೆ. ತುಂಬಾ ಥೆರಪಿಸ್ಟ್‌ಗಳು ಮೊದ್ಲು ಜೊತೇಲಿ ನೋಡಿ ಆಮೇಲೆ ಒಬ್ಬೊಬ್ರನ್ನೇ ಒಂದೊಂದ್ಸಲ ನೋಡ್ತಾರೆ. ಆಗ ನೀವು ಹೇಳಿದ್ದು ಅಲ್ಲೇ ಇರುತ್ತಾ, ಇಲ್ಲ ಜೋಡಿ ಸೆಶನ್ನಿಗೆ ಬರುತ್ತಾ? ಕೆಲವ್ರು ಇಬ್ರ ಮಧ್ಯೆ ನಾನು ಗುಟ್ಟು ಇಟ್ಕೊಳ್ಳಲ್ಲ ಅಂತ ಮುಂಚೇನೇ ಹೇಳ್ತಾರೆ, ಕೆಲವ್ರು ಇಟ್ಕೋತಾರೆ. ಎರಡೂ ನಡೆಯುತ್ತೆ, ಆದ್ರೆ ಗೊತ್ತಿಲ್ಲದೆ ಬಾಯಿ ಬಿಟ್ಟು ಆಮೇಲೆ ಒದ್ದಾಡೋದು ಬೇಡ. ಹೊರಗಿನವ್ರಿಗೆ ಹೇಳಲ್ಲ ಅನ್ನೋದಂತೂ 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟಲ್ಲೇ ಇದೆ, ಪ್ರಾಣಕ್ಕೆ ಅಪಾಯ ಅನ್ನೋ ಥರದ ಕೆಲವು ಸಂದರ್ಭ ಬಿಟ್ಟು. ನಿಮ್ಮತ್ತೆ ಫೋನ್ ಮಾಡಿ "ನನ್ನ ಸೊಸೆ ಏನಂದ್ಲು" ಅಂತ ಕೇಳಿದ್ರೆ ಅವ್ರು ಹೇಳೋ ಹಾಗಿಲ್ಲ.

ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಮನೇಲಿ ಹೊಡೆತ ಇದ್ರೆ, ಹೆದರಿಕೆ ಇದ್ರೆ, ಫೋನ್ ಕಿತ್ಕೊಳ್ಳೋದು, ಸಂಬಳ ಕಿತ್ಕೊಳ್ಳೋದು ಇದ್ರೆ ಜೋಡಿಯಾಗಿ ಹೋಗ್ಬೇಡಿ. ರೂಮಲ್ಲಿ ಧೈರ್ಯ ಮಾಡಿ ನಿಜ ಹೇಳಿದ್ದಕ್ಕೆ ಮನೆಗೆ ಬಂದ್ಮೇಲೆ ಶಿಕ್ಷೆ ಸಿಗೋ ಹಾಗಿದ್ರೆ ಅದು ಥೆರಪಿ ಅಲ್ಲ. ಕೆಲ್ಸ ಗೊತ್ತಿರೋ ಥೆರಪಿಸ್ಟ್ ಇದನ್ನ ಒಬ್ಬೊಬ್ರನ್ನೇ ಕರ್ದು ಕೇಳ್ತಾರೆ, ಕೇಳ್ದೇ ಇದ್ರೂ ನೀವೊಬ್ರೇ ಇದ್ದಾಗ ಹೇಳಿ. ಹೆಣ್ಮಕ್ಕಳಿಗೆ 181 ಸಹಾಯವಾಣಿ ಇದೆ, ಆ ಕ್ಷಣಕ್ಕೆ ಅಪಾಯ ಅಂದ್ರೆ 112. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹೊಡೆತ ಮಾತ್ರ ಅಲ್ಲ, ಮಾತಿನ ಹಿಂಸೆ, ದುಡ್ಡಿನ ಹಿಂಸೆ ಕೂಡ ಸೇರಿದೆ. "ಮೊದ್ಲು ಕೌನ್ಸೆಲಿಂಗ್ ಮಾಡ್ಸಿ ನೋಡಿ" ಅಂತ ಮನೆಯವ್ರು ಅಂದ್ರೂ ಇಲ್ಲಿ ಆರ್ಡರ್ ಉಲ್ಟಾ, ಮೊದ್ಲು ಸೇಫ್ಟಿ.

ಕಪಲ್ ಥೆರಪಿ ಅಂದ್ರೆ ಕೋರ್ಟ್ ಕೌನ್ಸೆಲಿಂಗೇ ಅಂತ ಅಂದ್ಕೊಂಡು ಹೆದ್ರೋರೂ ಇದಾರೆ. ಅದು ಬೇರೆ. ಸಿದ್ದಯ್ಯ ರೋಡಿನ ನ್ಯಾಯದೇಗುಲ ಅನ್ನೋ ಕಟ್ಟಡದಲ್ಲಿ ಫ್ಯಾಮಿಲಿ ಕೋರ್ಟ್, ಮೀಡಿಯೇಶನ್ ಸೆಂಟರ್ ಇರೋದು ಕೇಸ್ ಹಾಕಿದ್ಮೇಲಿನ ಕಥೆ, ಕೇಸ್ ಬಂದಾಗ ರಾಜಿಗೆ ಪ್ರಯತ್ನ ಮಾಡೋದು 1984ರ ಕಾಯ್ದೆ ಪ್ರಕಾರ ಫ್ಯಾಮಿಲಿ ಕೋರ್ಟಿನ ಕರ್ತವ್ಯ. ಥೆರಪಿಗೆ ಹೋದ ಮಾತ್ರಕ್ಕೆ ಯಾವ ರೆಕಾರ್ಡೂ ಅಲ್ಲಿಗೆ ಹೋಗಲ್ಲ.

ಇನ್ನು ಚಿಲ್ರೆ ಅನ್ನಿಸೋ ವಿಷ್ಯಗಳು, ಆದ್ರೆ ಥೆರಪಿ ನಿಂತುಹೋಗೋದು ಇವುಗಳಿಂದ್ಲೇ. ಒಬ್ರು ವೈಟ್‌ಫೀಲ್ಡಿಂದ ಒಬ್ರು ಜಯನಗರದಿಂದ ಬಂದು ಸಂಜೆ ಆರೂವರೆಗೆ ಸೇರೋದು ಅಂತ ಇಟ್ಕೊಂಡ್ರೆ ಮೊದಲ ಇಪ್ಪತ್ತು ನಿಮಿಷ ಯಾರು ಲೇಟ್ ಅನ್ನೋದ್ರಲ್ಲೇ ಹೋಗುತ್ತೆ, ಶನಿವಾರ ಬೆಳಗ್ಗೆ ಹಾಕ್ಕೊಳ್ಳಿ. ಆನ್‌ಲೈನ್ ಅಂದ್ರೆ ಮನೇಲಿ ಎಲ್ಲಿ ಕೂರ್ತೀರಾ ಅಂತ ಮೊದ್ಲೇ ನೋಡಿ, ಎರಡು ಬೆಡ್‌ರೂಮ್ ಮನೇಲಿ ಹಾಲಲ್ಲಿ ಮಾವ ಸೀರಿಯಲ್ ನೋಡ್ತಿದ್ರೆ ಯಾರಿಗೆ ಬಾಯಿ ಬರುತ್ತೆ, ನಾವು ಕೆಲವ್ಸಲ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಲ್ಲಿ ಕಾರೊಳಗೆ ಕೂತು ಸೆಶನ್ ಮಾಡಿದೀವಿ, ನೆಟ್‌ವರ್ಕ್ ಬರೋ ಪಾರ್ಕಿಂಗ್ ಜಾಗ ಹುಡುಕೋದೇ ಒಂದು ಟೀಮ್ ವರ್ಕ್. ಸೆಶನ್ ಮುಗಿದ ತಕ್ಷಣ ಆಫೀಸ್ ಮೀಟಿಂಗ್ ಇಟ್ಕೋಬೇಡಿ. ಮನೆಯವ್ರಿಗೆ ಏನು ಹೇಳೋದು, ಹೇಳೋದಾ ಬೇಡ್ವಾ ಅನ್ನೋದನ್ನ ಇಬ್ರೂ ಸೇರಿ ಮೊದ್ಲೇ ತೀರ್ಮಾನ ಮಾಡಿ, ಒಬ್ರು ಅವ್ರಮ್ಮನಿಗೆ ಹೇಳಿ ಇನ್ನೊಬ್ರಿಗೆ ಗೊತ್ತಾದ್ರೆ ಅದೇ ಮುಂದಿನ ಸೆಶನ್ನಿನ ಟಾಪಿಕ್.

ಶುರುವಾದ್ಮೇಲೆ ಮೊದಲ ಕೆಲವು ವಾರ ಜಗಳ ಜಾಸ್ತಿ ಆದ್ರೂ ಆಗ್ಬಹುದು, ಮುಚ್ಚಿಟ್ಟಿದ್ದೆಲ್ಲ ಹೊರಗೆ ಬರುತ್ತಲ್ಲ. ಹೋಮ್‌ವರ್ಕ್ ಕೊಡ್ತಾರೆ. ನಮಗೆ ತುಂಬಾ ಕೆಲ್ಸಕ್ಕೆ ಬಂದಿದ್ದು ಜಾನ್ ಗಾಟ್‌ಮನ್ ಅನ್ನೋ ಅಮೆರಿಕದ ಸಂಶೋಧಕರ ಕಡೆಯಿಂದ ಬಂದ ಒಂದು ಸಣ್ಣ ವಿಷ್ಯ. ಅವ್ರು ಸಿಯಾಟಲ್‌ನಲ್ಲಿ ಜೋಡಿಗಳನ್ನ ಲ್ಯಾಬಲ್ಲಿ ಕೂರಿಸಿ ಜಗಳ ಆಡ್ಸಿ ಎದೆಬಡಿತ ಅಳೆದವ್ರು. ಬಡಿತ ನಿಮಿಷಕ್ಕೆ 100 ದಾಟಿದ್ರೆ ಎದುರಿಗಿರೋರ ಮಾತು ತಲೆಗೆ ಹೋಗೋದೇ ಕಷ್ಟ, ಕಮ್ಮಿ ಅಂದ್ರೂ 20 ನಿಮಿಷ ಬಿಡುವು ತಗೊಳ್ಳಿ ಅಂತ ಅವ್ರ ಲೆಕ್ಕ. ಬಿಡುವು ಅಂದ್ರೆ ಬಾಗ್ಲು ಧಡಾರ್ ಅಂತ ಹಾಕಿ ಹೋಗೋದಲ್ಲ, ಎಷ್ಟೊತ್ತಿಗೆ ವಾಪಸ್ ಬರ್ತೀನಿ ಅಂತ ಹೇಳಿ ಹೋಗೋದು. ಜೋಡಿಗಳ ಜಗಳದಲ್ಲಿ 69 ಪರ್ಸೆಂಟ್ ಯಾವತ್ತೂ ಪೂರ್ತಿ ಬಗೆಹರಿಯೋ ಥರದ್ದಲ್ಲ, ಸ್ವಭಾವದ ವ್ಯತ್ಯಾಸ, ಅಂತಾನೂ ಅವ್ರೇ ಹೇಳಿದ್ದು. ಅದನ್ನ ಕೇಳಿ ನನ್ನ ಗಂಡ "ಹಾಗಾದ್ರೆ ಇಷ್ಟು ದುಡ್ಡು ಯಾಕೆ ಕೊಡ್ತಿದೀವಿ" ಅಂದ, ಥೆರಪಿಸ್ಟೂ ನಕ್ರು.

ಮೂರ್ನಾಲ್ಕು ಸೆಶನ್ ಆದ್ಮೇಲೆ ಇಬ್ರಲ್ಲಿ ಒಬ್ರಿಗೆ "ಇವ್ರು ನಿನ್ನ ಪಾರ್ಟಿ" ಅಂತ ಅನ್ನಿಸ್ತಾನೇ ಇದ್ರೆ ಅದನ್ನ ಮನೆಗೆ ಬಂದು ಆಡ್ಬೇಡಿ, ಥೆರಪಿಸ್ಟ್ ಮುಂದೇನೇ ಹೇಳಿ. ಒಳ್ಳೆಯವ್ರಾದ್ರೆ ಅದನ್ನೇ ಇಟ್ಕೊಂಡು ಮಾತು ಶುರು ಮಾಡ್ತಾರೆ. ಮುಖ ಸಿಂಡರಿಸಿದ್ರೆ ಬೇರೆಯವ್ರನ್ನ ಹುಡುಕಿ, ಹೋಗೋ ಮುಂಚೆ ಅವ್ರ ಹತ್ರಾನೇ ಒಂದೆರಡು ಹೆಸರು ಕೇಳಿ, ಕೊಡ್ತಾರೆ.