ಓದು ಬಾರದವರಿಗೆ ಓಟು ಕೊಟ್ಟದ್ದು ಅವಸರವಾಗಲಿಲ್ಲವೇ, ಮೇಷ್ಟ್ರೇ?

ರಾಜ್ಯಶಾಸ್ತ್ರ ಕಲಿಸಿ ನಿವೃತ್ತನಾದವನಿಗೆ ಮದುವೆಮನೆಯ ಪಂಕ್ತಿಯಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ತುತ್ತು ಕೈಯಲ್ಲಿ ಹಿಡಿದು ಉತ್ತರ ಹೇಳಿ ಹೇಳಿ ಸಾಕಾಗಿರುವುದರಿಂದ, ಇನ್ನು ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ. ಅವಸರವಾಗಲಿಲ್ಲ. ಅಷ್ಟೇ ಸಾಕೆನ್ನುವವರು ಇಲ್ಲಿಗೆ ಓದು ನಿಲ್ಲಿಸಬಹುದು.

ನನ್ನನ್ನು ಕೆರಳಿಸುವುದು ‘ಕೊಟ್ಟದ್ದು’ ಎಂಬ ಮಾತು. ಓಟೆಂಬುದು ಓದಿದವರ ಪಿತ್ರಾರ್ಜಿತವಾಗಿತ್ತು, ಕನಿಕರಪಟ್ಟು ಉಳಿದವರಿಗೂ ಒಂದು ಪಾಲು ಬರೆದುಕೊಟ್ಟರು ಎಂಬಂತೆ ಜನ ಮಾತನಾಡುತ್ತಾರೆ. ಕೇಳುವವರಲ್ಲಿ ಒಬ್ಬರೂ ಈವರೆಗೆ ತಮ್ಮ ಓಟನ್ನು ಕಳೆದುಕೊಳ್ಳುವ ಪಟ್ಟಿಯಲ್ಲಿ ತಮ್ಮನ್ನು ಸೇರಿಸಿಕೊಂಡದ್ದನ್ನು ನಾನು ಕಾಣೆ.

ಬೇರೆ ಕಡೆ, ಹಿಂದೆ ನಮ್ಮಲ್ಲೂ, ಹಕ್ಕು ಮೇಲಿನಿಂದ ತೊಟ್ಟು ತೊಟ್ಟಾಗಿಯೇ ಇಳಿಯಿತು, ನಿಜ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿದಾಗ ಬಂದ 144 ಮಂದಿಯೂ ಜಮೀನುದಾರರು ಮತ್ತು ವರ್ತಕರು. ಬ್ರಿಟನ್ನಿನಲ್ಲಿ ಹೆಂಗಸರು ಗಂಡಸರಿಗೆ ಸಮನಾಗಿ ಓಟು ಹಾಕಲು 1928ರವರೆಗೆ ಕಾಯಬೇಕಾಯಿತು. ಸ್ವಿಟ್ಜರ್ಲೆಂಡಿನ ಹೆಂಗಸರು ರಾಷ್ಟ್ರೀಯ ಚುನಾವಣೆಗೆ 1971ರವರೆಗೆ ಕಾದರು. ಅಕ್ಷರ ಪರೀಕ್ಷೆ ಮಾಡಿ ಓಟು ಕೊಡುವ ಪದ್ಧತಿಯೂ ಹೊಸದಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಅದು ದಶಕಗಟ್ಟಲೆ ನಡೆಯಿತು; ಉತ್ತರ ಸರಿಯೋ ತಪ್ಪೋ ಎಂಬುದನ್ನು ಎದುರಿಗೆ ಕುಳಿತ ಅಧಿಕಾರಿ ಬಹುಮಟ್ಟಿಗೆ ಬಂದವರ ಮೈಬಣ್ಣ ನೋಡಿಯೇ ತೀರ್ಮಾನಿಸುತ್ತಿದ್ದ. 1965ರ ಮತದಾನ ಹಕ್ಕು ಕಾನೂನು ಬಂದ ಮೇಲೆ ಅದಕ್ಕೆ ಕಡಿವಾಣ ಬಿತ್ತು.

ಸ್ವತಂತ್ರ ಭಾರತದಲ್ಲಿ ಈ ಕ್ರಮ ತಿರುಗುಮುರುಗಾಯಿತು. 1951ರ ಜನಗಣತಿಯಂತೆ ನೂರಕ್ಕೆ ಹದಿನೆಂಟು ಮಂದಿಗಷ್ಟೇ ಅಕ್ಷರ ಬರುತ್ತಿದ್ದ ದೇಶದಲ್ಲಿ, ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು 17 ಕೋಟಿಗೂ ಮಿಕ್ಕ ಮತದಾರರ ಮೊದಲ ಸಾರ್ವತ್ರಿಕ ಚುನಾವಣೆಗೆ ಸಿದ್ಧತೆ ಮಾಡಿದರು. ಅಭ್ಯರ್ಥಿಗೊಂದರಂತೆ ಪೆಟ್ಟಿಗೆಯಿಟ್ಟು ಅದಕ್ಕೆ ಚಿಹ್ನೆ ಅಂಟಿಸಲಾಗಿತ್ತು. ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ತೊಡಕಾದದ್ದು ಬೇರೆಡೆ: ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಪಟ್ಟಿಯಿಂದ ಕೈಬಿಡಲಾಯಿತು. ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೂ ಹೆಂಗಸಿಗೆ ಸ್ವಂತ ಹೆಸರೊಂದು ಇರಲೇಬೇಕೆಂದು ಸರ್ಕಾರದ ಕಾಗದವೊಂದು ಹಟ ಹಿಡಿದದ್ದು ಸಣ್ಣ ಸಂಗತಿಯೇನಲ್ಲ.

ಹೆಬ್ಬೆಟ್ಟಿನವರಿಗೆ ವಿವೇಚನೆ ಇಲ್ಲವೆನ್ನುವವರು ನಮ್ಮದೇ ರಾಜ್ಯದ ಲೆಕ್ಕವನ್ನು ನೋಡಬೇಕು. 1984ರ ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ಇಲ್ಲಿನ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಮತದಾರರೇ, ಮೂರು ತಿಂಗಳು ತುಂಬುವುದರೊಳಗೆ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ 139 ಸ್ಥಾನ ಕೊಟ್ಟರು. ದೆಹಲಿ ಯಾವುದು, ಬೆಂಗಳೂರು ಯಾವುದು ಎಂಬುದು ಅವರಿಗೆ ತಿಳಿದಿತ್ತು. ಹಣ, ಹೆಂಡ, ಜಾತಿ ನಡೆಯುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಆದರೆ ಜಾತಿ ನೋಡಿ ಓಟು ಹಾಕುವ ಎಂ.ಎ. ಪದವೀಧರರ ಪಟ್ಟಿ ಬೇಕೆಂದರೆ ನನ್ನ ಸಹೋದ್ಯೋಗಿಗಳಿಂದಲೇ ಆರಂಭಿಸಬಲ್ಲೆ.

2023ರ ಮೇ ತಿಂಗಳಲ್ಲಿ, ವಿಧಾನಸಭಾ ಚುನಾವಣೆ ಮುಗಿದ ಬೆನ್ನಿಗೇ ಒಂದು ಮದುವೆಯಲ್ಲಿ ಬೆಂಗಳೂರಿನ ಎಂಜಿನಿಯರೊಬ್ಬರು ಪಕ್ಕದ ಎಲೆಗೆ ಕುಳಿತು ಇದೇ ಪ್ರಶ್ನೆ ಎತ್ತಿದರು. ನಾನು ಉತ್ತರಿಸುವ ಬದಲು, ‘ನಿಮ್ಮ ವಾರ್ಡಿನ ಕಾರ್ಪೊರೇಟರ್ ಯಾರು?’ ಎಂದೆ. ಅವರು ತಡವರಿಸದೆ ಒಂದು ಹೆಸರು ಹೇಳಿದರು. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಹೊಸ ಚುನಾವಣೆ ನಡೆಯದೆ, ಆಡಳಿತಾಧಿಕಾರಿಯ ಕೈಯಲ್ಲಿ ನಗರ ಮೂರನೆಯ ವರ್ಷ ಕಳೆಯುತ್ತಿತ್ತು. ಅದೇ 2020ರ ಡಿಸೆಂಬರಿನಲ್ಲಿ, ಕೊರೊನಾ ಇನ್ನೂ ತಗ್ಗದಿದ್ದಾಗ, ಹಳ್ಳಿಯ ಜನ ಮಾಸ್ಕ್ ಕಟ್ಟಿಕೊಂಡು ಸಾಲಿನಲ್ಲಿ ನಿಂತು ಗ್ರಾಮ ಪಂಚಾಯಿತಿಗಳನ್ನು ಆರಿಸಿಕೊಂಡಿದ್ದರು. ಇಷ್ಟೊಂದು ಓದಿದವರಿರುವ ಊರು ತನ್ನ ಸಭೆಯೇ ಇಲ್ಲದೆ ವರ್ಷಗಟ್ಟಲೆ ಹೇಗೆ ನಿಶ್ಚಿಂತೆಯಿಂದ ಇದ್ದಿತು ಎಂದು ಯಾರಾದರೂ ಕೇಳಿದರೆ, ಊಟ ಬಿಟ್ಟಾದರೂ ನಾನು ಉತ್ತರ ಹುಡುಕಿಯೇನು.

ಇಷ್ಟನ್ನೂ ಅವರಿಗೆ ಹೇಳಿದೆ. ‘ಹೌದೇ ಸಾರ್? ಗೊತ್ತೇ ಇರಲಿಲ್ಲ’ ಎಂದವರು, ಒಬ್ಬಟ್ಟಿಗೆ ತುಪ್ಪ ಬಂದಿಲ್ಲವೆಂದು ಬಡಿಸುವವರನ್ನು ಕೂಗಿದರು.