ಎಣ್ಣಿ ಕಲಸುವ ಮೊದಲು ಬೋರಿನ ನೀರು ನೋಡಿ

ಮೆಣಸಿನಕಾಯಿ ಗಿಡಕ್ಕೆ ಎಣ್ಣಿ, ಅಂದರೆ ಸಿಂಪಡಿಸುವ ಔಷಧ, ಹೊಡೆದು ವಾರವಾದರೂ ರೋಗ ನಿಲ್ಲದಿದ್ದರೆ ಮೊದಲು ಬೈಸಿಕೊಳ್ಳುವವನು ಅಂಗಡಿಯವನು. ಡುಪ್ಲಿಕೇಟ್ ಮಾಲು ಕೊಟ್ಟ ಅಂತ. ಹಾಗಿರಲೂಬಹುದು. ಆದರೆ ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 16 ಲೀಟರಿನ ಕ್ಯಾನಿಗೆ ಬೀಳುವ ಪುಡಿ 32 ಗ್ರಾಂ, ಉಳಿದದ್ದೆಲ್ಲ ನೀರು. ಆ ನೀರಿನ ಗಡಸುತನ 400 ಪಿಪಿಎಂ (ಲೀಟರಿಗೆ 400 ಮಿಲಿಗ್ರಾಂ) ಇದ್ದರೆ, ಸುಣ್ಣದಕಲ್ಲಿನ ಲೆಕ್ಕದಲ್ಲಿ 6.4 ಗ್ರಾಂ ಖನಿಜ ಅದೇ ಕ್ಯಾನಿನಲ್ಲಿ ಮೊದಲೇ ಕರಗಿ ಕುಳಿತಿರುತ್ತದೆ. ಅದು ಸುಮ್ಮನೆ ಕೂರುವುದಿಲ್ಲ.

ರೋಣ, ನರಗುಂದ, ನವಲಗುಂದದ ಎರಿ ಹೊಲಗಳ ಕಡೆ ಸವಳು ನೀರು ಯಾರಿಗೂ ಹೊಸದಲ್ಲ. ಇಲ್ಲಿ ಎರಡು ಗುಣಗಳನ್ನು ಬೇರೆ ಬೇರೆ ಹಿಡಿದು ನೋಡಬೇಕು. ಗಡಸುತನ ಬರುವುದು ಕ್ಯಾಲ್ಸಿಯಂ, ಮೆಗ್ನೀಷಿಯಂಗಳಿಂದ. ಕ್ಷಾರಗುಣ ಬರುವುದು ಬಹುಪಾಲು ಬೈಕಾರ್ಬೊನೇಟಿನಿಂದ. ಒಂದಿದ್ದಲ್ಲಿ ಇನ್ನೊಂದು ಇರಲೇಬೇಕೆಂದಿಲ್ಲ. ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ತೋರಿಸುವ ಟಿಡಿಎಸ್ ಮೀಟರ್ ಇವೆರಡನ್ನೂ ಹೇಳುವುದಿಲ್ಲ. ಅಡುಗೆ ಉಪ್ಪು ಕರಗಿಸಿದರೂ ಅದರ ಅಂಕಿ ಏರುತ್ತದೆ. ಗಡಸುತನಕ್ಕೆ ಹನಿ ಹಾಕಿ ಎಣಿಸುವ ಕಿಟ್ ಬೇಕು. ಕೆಂಪು ಬಣ್ಣ ನೀಲಿಗೆ ತಿರುಗುವವರೆಗೆ ಬಿದ್ದ ಹನಿಗಳೇ ಲೆಕ್ಕ. ಅದಿಲ್ಲದಿದ್ದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಹುಲಕೋಟಿ ಅಥವಾ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ನೀರಿನ ಪರೀಕ್ಷೆ ವಿಚಾರಿಸಿ. ಮಾದರಿ ಹಿಡಿಯುವ ಮುಂಚೆ ಕಾಲು ಗಂಟೆ ಪಂಪು ಓಡಲಿ. ಬಾಟಲಿಯನ್ನು ಕಂಠಪೂರ್ತಿ ತುಂಬಿ, ಗಾಳಿ ಉಳಿಯದಂತೆ ಮುಚ್ಚಿ.

ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂಬ ಅಳತೆ; 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) ಮಾತ್ರ ಬಣ್ಣದ ಪಟ್ಟಿ ಅದ್ದಿ ಹೊಲದಲ್ಲೇ ನೋಡಿಕೊಳ್ಳಬೇಕು, ಅದೂ ಪೈಪಿನ ಬಾಯಲ್ಲಿ ಬೇಡ, ಡ್ರಮ್ಮಿನಲ್ಲಿ. ನೆಲದಾಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಮೇಲೆ ಬಂದ ಮೇಲೆ ಅದು ಗಾಳಿಗೆ ಹಾರಿ ಪಿಎಚ್ ಏರುತ್ತದೆ. ಬೋರಿನ ಬಾಯಲ್ಲಿ 7.2 ತೋರಿಸಿದ ನೀರು ಮರುದಿನ ಟಾಕಿಯಲ್ಲಿ 8 ದಾಟಿದರೆ ಪಟ್ಟಿ ಕೆಟ್ಟಿದೆ ಅಂತ ಎಸೆಯಬೇಡಿ. ಟಾಕಿಯ ಗೋಡೆಗೆ ಬಿಳಿ ಪೊರೆ ಕಟ್ಟುವುದೂ ಇದೇ ಕಾರಣಕ್ಕೆ.

ಪಿಎಚ್ ಏರಿದರೆ ಏನಾಗುತ್ತದೆ ಎನ್ನುವುದಕ್ಕೆ ಶಿಲೀಂಧ್ರನಾಶಕ ಕ್ಯಾಪ್ಟಾನ್ ಒಳ್ಳೆಯ ಉದಾಹರಣೆ. ಪಿಎಚ್ 5ರ ನೀರಿನಲ್ಲಿ ಅದು ಅರ್ಧಕ್ಕಿಳಿಯಲು ಸುಮಾರು 32 ತಾಸು ಬೇಕು, 7ರಲ್ಲಿ 8 ತಾಸು, 8ರಲ್ಲಿ ಬರೀ 10 ನಿಮಿಷ. ಕ್ಯಾನು ಕಲಸಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಅರ್ಧ ಔಷಧ ಮುಗಿದಿರುತ್ತದೆ. ಕೀಟನಾಶಕಗಳಾದ ಮೆಲಾಥಿಯಾನ್, ಡೈಮೆಥೊಯೇಟ್, ಕಾರ್ಬರಿಲ್ ಕೂಡ ಕ್ಷಾರ ನೀರಿನಲ್ಲಿ ಒಡೆಯುವ ಜಾತಿಯವೇ, ವೇಗ ಮಾತ್ರ ಬೇರೆ ಬೇರೆ.

ಇದಕ್ಕೆ ಅಗ್ಗದ ಉಪಾಯ ಸಿಟ್ರಿಕ್ ಆಮ್ಲ, ಅಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು. ಕ್ಷಾರಗುಣ 300 ಪಿಪಿಎಂ ಇರುವ ನೀರನ್ನು ಪಿಎಚ್ 6ರ ಹತ್ತಿರ ತರಲು ಲೀಟರಿಗೆ 0.4 ಗ್ರಾಂ, ಅಂದರೆ 16 ಲೀಟರಿಗೆ ಆರೇಳು ಗ್ರಾಂ ಸಾಕು. ಒಮ್ಮೆಲೇ ಸುರಿಯದೆ ಅರ್ಧ ಹಾಕಿ, ಕಲಕಿ, ಪಟ್ಟಿ ಅದ್ದಿ ನೋಡಿ, ಆಮೇಲೆ ಉಳಿದದ್ದು. ಪಕ್ಕದ ಹೊಲದವರ ಅಳತೆ ನಿಮ್ಮ ಬೋರಿಗೆ ಹೊಂದುವುದಿಲ್ಲ. ಎರಡೂ ಕಡೆ ಪಿಎಚ್ 8 ಇದ್ದರೂ ಬೈಕಾರ್ಬೊನೇಟ್ ಹೆಚ್ಚಿದ್ದ ಕಡೆ ಆಮ್ಲ ಹೆಚ್ಚು ಬೇಕಾಗುತ್ತದೆ. ತಾಮ್ರದ ಔಷಧಗಳಿಗೆ ಮಾತ್ರ ಈ ಹುಳಿ ನೀರು ಬೇಡವೇ ಬೇಡ. ತಾಮ್ರ ಅತಿಯಾಗಿ ಕರಗಿ ಎಲೆ ಸುಡುತ್ತದೆ. ಸಲ್ಫೊನೈಲ್ ಯೂರಿಯಾ ಗುಂಪಿನ ಕಳೆನಾಶಕಗಳೂ ಆಮ್ಲದಲ್ಲೇ ಬೇಗ ಕೆಡುತ್ತವೆ.

ಗಡಸುತನದ ಪೆಟ್ಟು ಹೆಚ್ಚಾಗಿ ಬೀಳುವುದು ಕಳೆನಾಶಕಕ್ಕೆ. 2,4-ಡಿ ಅಮೈನ್ ಲವಣ ಗಡಸು ನೀರಿಗೆ ಬಿದ್ದರೆ ಕ್ಯಾಲ್ಸಿಯಂ ಅದನ್ನು ಹಿಡಿದು ಬಿಳಿ ಚೂರು ಮಾಡುತ್ತದೆ. ನಾಝಲ್ ಕಟ್ಟಿಕೊಳ್ಳುತ್ತದೆ, ಕಳೆಗೆ ತಲುಪುವುದು ಕಡಿಮೆಯಾಗುತ್ತದೆ. 100 ಲೀಟರಿಗೆ 1ರಿಂದ 2 ಕಿಲೋ ಅಮೋನಿಯಂ ಸಲ್ಫೇಟ್ ಮೊದಲು ಪೂರ್ತಿ ಕರಗಿಸಿ, ಆಮೇಲೆ ಔಷಧ ಹಾಕುವುದು ರೂಢಿ. ಕ್ರಮ ತಿರುಗಿಸಿದರೆ ಒಮ್ಮೆ ಕಟ್ಟಿದ ಚೂರು ಸುಲಭಕ್ಕೆ ಬಿಡುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಸಲೀಸು: ಅರ್ಧಕ್ಕರ್ಧ ಬೆರೆಸಿದರೆ ಗಡಸುತನ ನೇರ ಅರ್ಧವಾಗುತ್ತದೆ. ಪಿಎಚ್ ಹಾಗೆ ಸರಾಸರಿಗೆ ಬರುವುದಿಲ್ಲ, ಬೆರೆಸಿದ ಮೇಲೆ ಮತ್ತೆ ಪಟ್ಟಿ ಅದ್ದಬೇಕು. ಇನ್ನು, 2,4-ಡಿ ಹೊಡೆದ ಕ್ಯಾನನ್ನು ಎಷ್ಟು ತೊಳೆದರೂ ಹತ್ತಿಗೆ, ಮೆಣಸಿನಕಾಯಿಗೆ ಬಳಸಬೇಡಿ. ಅದಕ್ಕೊಂದು ಬೇರೆ ಕ್ಯಾನೇ ಇರಲಿ.

ಕೃಷಿ ಹೊಂಡದ ನೀರು ಮೆದುವಾಗಿರುತ್ತದೆ, ಆದರೆ ಎರಿ ಮಣ್ಣಿನ ಕಲಕು ಇರುತ್ತದೆ. ಆ ಜೇಡಿಯ ಕಣಗಳು ಗ್ಲೈಫೊಸೇಟ್, ಪ್ಯಾರಾಕ್ವಾಟ್‌ನಂಥ ಕಳೆನಾಶಕಗಳನ್ನು ಮೈಗೆ ಅಂಟಿಸಿಕೊಂಡು ಬಿಡುವುದೇ ಇಲ್ಲ. ಬಟ್ಟೆಯಲ್ಲಿ ಸೋಸಿದರೆ ಕಸ ನಿಲ್ಲುತ್ತದೆ, ಜೇಡಿ ನಿಲ್ಲುವುದಿಲ್ಲ. 200 ಲೀಟರ್ ಡ್ರಮ್ಮಿಗೆ 10 ಗ್ರಾಂ ಪಟಿಕ, ಬಹಳ ಕಲಕಿದ್ದರೆ 20 ಗ್ರಾಂ. ಚೊಂಬು ನೀರಿನಲ್ಲಿ ಕರಗಿಸಿ ಹಾಕಿ, ಒಂದು ನಿಮಿಷ ಜೋರಾಗಿ, ಆಮೇಲೆ ಹತ್ತು ನಿಮಿಷ ನಿಧಾನ ತಿರುವಿ, ಎರಡು ಮೂರು ತಾಸು ಬಿಟ್ಟು ಮೇಲಿನ ತಿಳಿ ತೆಗೆದುಕೊಳ್ಳಿ. ಜೋರಾಗಿಯೇ ತಿರುವುತ್ತಿದ್ದರೆ ಕಟ್ಟಿದ ಹಿಂಜಲು ಒಡೆದು ಮತ್ತೆ ಕಲಕಾಗುತ್ತದೆ.

ಎರಡು ಮೂರು ಔಷಧ ಒಟ್ಟಿಗೆ ಕಲಸುವವರು ಮೊದಲು ಅರ್ಧ ನೀರು ತುಂಬಿ, ನೀರನ್ನು ಸರಿಪಡಿಸಿ, ಆಮೇಲೆ ಪುಡಿ, ಅದರ ಹಿಂದೆ ಎಸ್‌ಸಿ (ನುಣ್ಣನೆ ಕಣ ತೇಲುವ ಗಟ್ಟಿ ದ್ರವ), ಆಮೇಲೆ ಇಸಿ (ನೀರಿಗೆ ಬಿದ್ದರೆ ಹಾಲಿನಂತಾಗುವ ಎಣ್ಣೆ ದ್ರವ), ಕೊನೆಗೆ ಎಸ್‌ಎಲ್ (ನೀರಿನಲ್ಲಿ ಪೂರ್ತಿ ಕರಗುವ ದ್ರವ) ಮತ್ತು ಅಂಟು ದ್ರವ ಹಾಕಬೇಕು. ಎಣ್ಣೆಯಂಥ ಇಸಿ ಮೊದಲು ಬಿದ್ದರೆ ಪುಡಿಯ ಕಣಕ್ಕೆ ಎಣ್ಣೆ ಸುತ್ತಿ ಗಂಟು ಕಟ್ಟುತ್ತದೆ. ಹೊಸ ಜೋಡಿಯಾದರೆ ಗಾಜಿನ ಬಾಟಲಿಯಲ್ಲಿ ಅರ್ಧ ಲೀಟರ್ ಮಾಡಿ ಅರ್ಧ ತಾಸು ನೋಡಿ: ಮೊಸರಾದರೆ, ಬಿಸಿಯಾದರೆ, ಅಲುಗಾಡಿಸಿದರೂ ಬೆರೆಯದಿದ್ದರೆ ಬೇಡ. ಕೈಗವಸು ಹಾಕಿಕೊಂಡು ಕೋಲಿನಿಂದ ಕಲಕಿ, ಬರಿಗೈ ಅದ್ದಬೇಡಿ. ಜತೆಗೆ ಗೊಬ್ಬರ ಸೇರಿಸುವ ಚಟ ಇದ್ದರೆ ಒಂದು ಮಾತು: ರಂಜಕದ ಗೊಬ್ಬರ ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಬೇಡ, ಜಿಂಕ್ ಸಲ್ಫೇಟ್ ಜೊತೆಗೂ ಬೇಡ. ಎರಡೂ ಕಡೆ ಕರಗದ ಫಾಸ್ಫೇಟ್ ತಳ ಸೇರುತ್ತದೆ.

ನೀರಿನ ಗಡಸುತನ ಲೆಕ್ಕಕ್ಕೇ ಬಾರದ ಮಿಶ್ರಣವೂ ಒಂದಿದೆ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಸೇರಿಸಿ ಮಾಡುವ ಶಿಲೀಂಧ್ರನಾಶಕ ಬೋರ್ಡೋ. ಅದರಲ್ಲಿ ನಾವೇ ಕಿಲೋಗಟ್ಟಲೆ ಸುಣ್ಣ ಹಾಕುತ್ತೇವೆ. ಫ್ರಾನ್ಸಿನಲ್ಲಿ ಪಿಯರ್ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಗೆಂದು ಪ್ರಕಟಿಸಿದ ಈ ದ್ರಾವಣ ಸವಣೂರಿನ ವೀಳ್ಯದೆಲೆ ತೋಟದ ಬುಡಕೊಳೆಗೂ ನಡೆಯುತ್ತದೆ. ಶೇ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಟ್ಟ ಸುಣ್ಣದ ಹರಳು, 100 ಲೀಟರ್ ನೀರು. ರಸಾಯನಶಾಸ್ತ್ರದ ಪ್ರಕಾರ 1 ಕಿಲೋ ಮೈಲುತುತ್ತಕ್ಕೆ ಶುದ್ಧ ಸುಣ್ಣ 225 ಗ್ರಾಂ ಸಾಕು. ನಾಲ್ಕು ಪಟ್ಟು ಯಾಕೆ ಅಂದರೆ, ಪೇಟೆಯ ಸುಣ್ಣ ಶುದ್ಧವಿರುವುದಿಲ್ಲ, ಮತ್ತು ಉಳಿದ ಸುಣ್ಣ ತಾಮ್ರವನ್ನು ಹದದಲ್ಲಿಡುತ್ತದೆ. ತಿಂಗಳುಗಟ್ಟಲೆ ಗಾಳಿಗೆ ಬಿದ್ದು ಪುಡಿಯಾದ ಸುಣ್ಣ ಸುಣ್ಣದಕಲ್ಲಾಗಿಯೇ ತಿರುಗಿರುತ್ತದೆ, ಅದು ಕೆಲಸಕ್ಕೆ ಬಾರದು. ನೀರು ಚಿಮುಕಿಸಿದಾಗ ಸುಂಯ್ ಅಂತ ಕಾವೇರಬೇಕು.

ಮೈಲುತುತ್ತವನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ ತೂಗುಬಿಡಿ. ಕರಗಿದ್ದು ಭಾರವಾಗಿ ಕೆಳಗಿಳಿಯುತ್ತದೆ, ಹೊಸ ನೀರು ಮೇಲೆ ಬರುತ್ತದೆ. ತಳಕ್ಕೆ ಹಾಕಿದರೆ ಅಲ್ಲೇ ಕುಳಿತಿರುತ್ತದೆ. ಡ್ರಮ್ಮು ಪ್ಲಾಸ್ಟಿಕ್ಕಿನದೇ ಆಗಲಿ. ಕಬ್ಬಿಣ, ತಗಡಿನ ಬಕೆಟ್ಟಿನ ಮೇಲೆ ತಾಮ್ರ ಕೂತು ಬಕೆಟ್ಟು ಕರಗುತ್ತದೆ. ಸುಣ್ಣವನ್ನು ಬೇರೆಡೆ ಅರಳಿಸಿ 50 ಲೀಟರ್ ಮಾಡಿ, ಪೂರ್ತಿ ಆರಿದ ಮೇಲೆ, ಕಲಕುತ್ತಲೇ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹಾಕಿ. ತಿರುವುಮುರುವಾದರೆ ಕಣ ದಪ್ಪವಾಗಿ ಬೇಗ ತಳ ಹಿಡಿಯುತ್ತದೆ. ಬಿಸಿ ಇದ್ದಾಗಲೇ ಕೂಡಿಸಿದರೆ ಆಕಾಶನೀಲಿ ಬಣ್ಣ ಕಪ್ಪಿಗೆ ತಿರುಗುತ್ತದೆ, ಅದು ತಾಮ್ರದ ಆಕ್ಸೈಡ್. ಮುಗಿದ ಮೇಲೆ ಉಜ್ಜಿದ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಪದರ ಬಂದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣದ ನೀರು ಸೇರಿಸಿ ಮತ್ತೆ ಅದ್ದಿ. ಸ್ಟೀಲ್ ಚಾಕು ನಡೆಯುವುದಿಲ್ಲ. ಬುಡಕ್ಕೆ ಸುರಿಯುವ ಮುಂಚೆ ಕೊಯ್ಯುವ ಎಲೆ ಕೊಯ್ದುಕೊಳ್ಳಿ, ಮತ್ತು ಅವತ್ತಿನದು ಅವತ್ತೇ ಮುಗಿಸಿ. ರಾತ್ರಿ ಕಳೆದರೆ ಕಣ ಹರಳುಗಟ್ಟಿ ಅಂಟುವ ಗುಣ ಹೋಗುತ್ತದೆ.