ರಜೆಯಲ್ಲಿ ಮಕ್ಕಳನ್ನು ಯಾವ ವಿಜ್ಞಾನ ಶಿಬಿರಕ್ಕೆ ಕಳಿಸಬೇಕು ಎಂದು ಕೇಳುವವರಿಗೆ

“ಮೇಡಂ, ಹುಡುಗಿಗಿ ಸೈನ್ಸ್ ಅಂದ್ರ ಭಾಳ ಇಷ್ಟ ಅದ. ರಜಾದಾಗ ಎಲ್ಲಿಗಿ ಕಳಸ್ಬೇಕ್ರಿ? ರಿಸರ್ಚ್ ಗೈಡ್ ಯಾರರೆ ಸಿಗ್ತಾರೇನ್ರಿ?” ಕಲಬುರಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ, ಫೆಬ್ರವರಿ ಬಂತೆಂದರೆ ಪೋಷಕರು ತಪ್ಪದೆ ಕೇಳುವ ಪ್ರಶ್ನೆ ಇದು. ಸ್ವಯಂಸೇವೆಯ ಸರ್ಟಿಫಿಕೇಟ್ ಎಲ್ಲಿ ಕೊಡುತ್ತಾರೆ ಎಂಬ ಪ್ರಶ್ನೆಯೂ ಇತ್ತೀಚೆಗೆ ಇದರ ಜೊತೆ ಸೇರಿಕೊಂಡಿದೆ. ಶಾಲೆಯ ಗೇಟಿನ ಬಳಿ ನಿಂತು ಒಬ್ಬೊಬ್ಬರಿಗೆ ಅರ್ಧಂಬರ್ಧ ಹೇಳುವುದಕ್ಕಿಂತ ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ನಮ್ಮ ದೇಶದಲ್ಲಿ ಕಾಲೇಜು ಸೀಟು ಶಿಬಿರದ ಸರ್ಟಿಫಿಕೇಟಿನಿಂದ ಸಿಗುವುದಿಲ್ಲ. ವೈದ್ಯಕೀಯಕ್ಕೆ ನೀಟ್ ಇದೆ, ಐಐಟಿಗೆ ಜೆಇಇ ಇದೆ, ವಿಜ್ಞಾನ ಪದವಿ ಕೊಡುವ ಕೇಂದ್ರದ ಐಸರ್ ಸಂಸ್ಥೆಗಳಿಗೆ ಅವುಗಳದ್ದೇ ಪ್ರವೇಶ ಪರೀಕ್ಷೆ ಇದೆ, ನಮ್ಮ ರಾಜ್ಯದ ಎಂಜಿನಿಯರಿಂಗ್ ಸೀಟಿಗೆ ಸಿಇಟಿ ಮತ್ತು ಪಿಯು ಅಂಕಗಳಿವೆ. ಮಗು ರಜೆಯಲ್ಲಿ ಏನು ಮಾಡಿತು ಎಂದು ಇವುಗಳಲ್ಲಿ ಯಾವುದೂ ಕೇಳುವುದಿಲ್ಲ. ಹಾಗೆ ಕೇಳುವುದು ಅಮೆರಿಕದಂತಹ ಹೊರದೇಶಗಳ ವಿಶ್ವವಿದ್ಯಾಲಯಗಳು. ಅಲ್ಲಿಗೆ ಹೋಗುವ ಯೋಚನೆ ಇಲ್ಲದವರೂ ಸಾವಿರಾರು ರೂಪಾಯಿ ಶುಲ್ಕ ಕಟ್ಟಿ, ಕೊನೆಯಲ್ಲಿ ಮಗುವಿನ ಹೆಸರಿನಲ್ಲಿ ಸಂಶೋಧನಾ ಪ್ರಬಂಧವನ್ನೇ ಪ್ರಕಟಿಸಿಕೊಡುತ್ತೇವೆ ಎನ್ನುವ ಆನ್‌ಲೈನ್ ಕೋರ್ಸಿಗೆ ಮಕ್ಕಳನ್ನು ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ಪ್ರಶ್ನೆಯನ್ನು ಬೇರೆಯವರು ಕೊಟ್ಟು, ವಿಧಾನವನ್ನೂ ಅವರೇ ಹೇಳಿ, ಬರವಣಿಗೆಯನ್ನೂ ಅವರೇ ತಿದ್ದಿಕೊಟ್ಟ ಮೇಲೆ ಮಗುವಿಗೆ ಕಲಿಯಲು ಉಳಿಯುವುದು ತೀರಾ ಕಡಿಮೆ. ಸರ್ಟಿಫಿಕೇಟಿನ ಹಂಗಿಲ್ಲ ಎಂದ ಮೇಲೆ, ನಿಜವಾಗಿಯೂ ಕುತೂಹಲವಿರುವ ವಿಷಯಕ್ಕೆ ರಜೆಯನ್ನು ಕೊಡಬಹುದಲ್ಲ!

ಹಣ ಕೇಳದ, ನಂಬಬಹುದಾದ ಕಾರ್ಯಕ್ರಮಗಳು ಇವೆ. ಇಸ್ರೋ 2019ರಲ್ಲಿ ಆರಂಭಿಸಿದ ‘ಯುವಿಕಾ’ ಒಂಬತ್ತನೇ ತರಗತಿಯವರಿಗೆ ಇರುವ, ಮೇ ತಿಂಗಳ ಸುಮಾರು ಎರಡು ವಾರಗಳ ಶಿಬಿರ. ಆಯ್ಕೆಯಾದವರ ಪ್ರಯಾಣ, ಊಟ, ವಸತಿಯ ಖರ್ಚು ಇಸ್ರೋದ್ದು. ಆಯ್ಕೆಗೆ ಎಂಟನೇ ತರಗತಿಯ ಅಂಕಗಳನ್ನು ನೋಡುತ್ತಾರೆ, ಗ್ರಾಮೀಣ ಶಾಲೆಯ ಮಕ್ಕಳಿಗೆ ಹೆಚ್ಚಿನ ಆದ್ಯತೆ ಕೊಡುತ್ತಾರೆ. ಆದ್ದರಿಂದ ಆಳಂದ, ಸುರಪುರ, ಔರಾದ್ ತಾಲ್ಲೂಕುಗಳ ಹಳ್ಳಿ ಶಾಲೆಗಳವರು ‘ನಮಗೆಲ್ಲಿ ಸಿಗುತ್ತದೆ’ ಎಂದು ಸುಮ್ಮನಿರಬಾರದು. ಅರ್ಜಿ ಬೇಸಿಗೆಗೆ ಮುಂಚೆಯೇ ಮುಗಿದುಹೋಗುವುದರಿಂದ ಜನವರಿಯಿಂದಲೇ ಇಸ್ರೋ ಜಾಲತಾಣದ ಮೇಲೆ ಕಣ್ಣಿಟ್ಟಿರಬೇಕು. ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಮಗುವಿನ ಹೊಸ ಯೋಚನೆ ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಆದರೆ ಹೆಸರು ಕಳಿಸಬೇಕಾದದ್ದು ಶಾಲೆ. ಶಾಲೆ ಆರಂಭವಾದ ಕೂಡಲೇ ಹೋಗಿ ಮುಖ್ಯೋಪಾಧ್ಯಾಯರನ್ನು ಕೇಳಿ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾದದ್ದು 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ. 10ರಿಂದ 17 ವಯಸ್ಸಿನ ಮಕ್ಕಳು ತಮ್ಮ ಊರಿನ ಸಮಸ್ಯೆಯೊಂದನ್ನು ಆರಿಸಿಕೊಂಡು, ತಾವೇ ಅಳೆದು, ಎಣಿಸಿ, ವರದಿ ಬರೆಯಬೇಕು. ಕನ್ನಡದಲ್ಲಿಯೇ ಬರೆಯಬಹುದು. ನಮ್ಮ ರಾಜ್ಯದಲ್ಲಿ ಇದರ ಹೊಣೆಯನ್ನು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹೊತ್ತುಕೊಂಡು ಬಂದಿದೆ.

ಊರಿನ ಸಮಸ್ಯೆ ಎಂದರೆ ಎಂಥದ್ದು ಎಂಬುದಕ್ಕೆ ನಮ್ಮ ಶಾಲೆಯ ಇಬ್ಬರು ಹುಡುಗಿಯರು ಮಾಡಿದ ಕೆಲಸವನ್ನು ಹೇಳುತ್ತೇನೆ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ತಗಡಿನ ಮನೆ, ಆರ್‌ಸಿಸಿ ಮನೆ, ಶಹಾಬಾದ್ ಫರ್ಸಿ (ಹಾಸುಗಲ್ಲು) ಹೊದಿಸಿದ ಮನೆ, ಅಜ್ಜನ ಕಾಲದ ಮಣ್ಣಿನ ಮಾಳಿಗೆ, ಈ ನಾಲ್ಕರಲ್ಲಿ ಯಾವುದು ತಂಪು ಎಂಬುದು ಅವರ ಪ್ರಶ್ನೆಯಾಗಿತ್ತು. ಮೊದಲು ನಾಲ್ಕೂ ಥರ್ಮಾಮೀಟರುಗಳನ್ನು ಒಂದೇ ಬಕೆಟ್ ನೀರಿನಲ್ಲಿಟ್ಟು, ಒಂದಕ್ಕೊಂದು ಎಷ್ಟು ವ್ಯತ್ಯಾಸ ತೋರಿಸುತ್ತವೆ ಎಂದು ಬರೆದುಕೊಂಡರು. ಅನಂತರ ಪ್ರತಿ ಮನೆಯಲ್ಲೂ ನೆಲದಿಂದ ಒಂದೇ ಎತ್ತರದಲ್ಲಿ, ಗೋಡೆಗೆ ತಾಗದಂತೆ ಅವುಗಳನ್ನು ತೂಗುಹಾಕಿ, ಬೆಳಿಗ್ಗೆ, ಮಧ್ಯಾಹ್ನ ಮೂರಕ್ಕೆ ಮತ್ತು ರಾತ್ರಿ ಹತ್ತಕ್ಕೆ ನೋಡಿದರು. ಮಧ್ಯಾಹ್ನ ತಗಡಿನ ಮನೆಯೇ ಎಲ್ಲಕ್ಕಿಂತ ಬಿಸಿಯಾಗಿತ್ತು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ರಾತ್ರಿ ಹತ್ತರ ಹೊತ್ತಿಗೆ ತಗಡಿನ ಮನೆ ಆರಿಹೋಗಿ, ಆರ್‌ಸಿಸಿ ಮನೆಯೇ ಹೆಚ್ಚು ಬಿಸಿಯಾಗಿ ಉಳಿದಿತ್ತು. ಹಗಲೆಲ್ಲ ಹೀರಿಕೊಂಡ ಶಾಖವನ್ನು ಸ್ಲ್ಯಾಬ್ ರಾತ್ರಿ ನಿಧಾನವಾಗಿ ಬಿಡುತ್ತದೆ ಎಂಬುದನ್ನು ಅವರು ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ತಮ್ಮ ನೋಟ್‌ಬುಕ್ಕಿನಲ್ಲಿ ಕಂಡರು.

ಎಲ್ಲ ಪ್ರಶ್ನೆಗಳೂ ಬೇಸಿಗೆಗೆ ಹೊಂದುವುದಿಲ್ಲ ಎಂಬುದನ್ನೂ ಪೋಷಕರು ತಿಳಿಯಬೇಕು. ತೊಗರಿಯ ನೆಟೆ ರೋಗವನ್ನು ನೋಡಬೇಕಾದರೆ ಗಿಡ ಹೂ, ಕಾಯಿ ಬಿಡುವ ಕಾಲಕ್ಕೆ ಹೊಲಕ್ಕೆ ಹೋಗಬೇಕು. ಒಣಗಿದ ಗಿಡದ ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಗೆರೆಗಳು ಕಾಣುತ್ತವೆ. ವರ್ಷವೂ ತೊಗರಿಯನ್ನೇ ಬಿತ್ತಿದ ಹೊಲದಲ್ಲಿ ಮತ್ತು ಜೋಳದ ಜೊತೆ ಅಕ್ಕಡಿ (ಮಿಶ್ರ ಬೆಳೆ) ಹಾಕಿದ ಹೊಲದಲ್ಲಿ ಸಾಲಿಗೆ ಎಷ್ಟು ಗಿಡ ಸತ್ತಿವೆ ಎಂದು ಎಣಿಸಿದರೆ ಅದೇ ಒಂದು ಒಳ್ಳೆಯ ಅಧ್ಯಯನ. ಯಾದಗಿರಿ ಜಿಲ್ಲೆಯ ಬೋನಾಳ ಕೆರೆಯ ವಲಸೆ ಹಕ್ಕಿಗಳು ಚಳಿಗಾಲದವು. ಬೀದರಿನ ನೌಬಾದಿನಲ್ಲಿರುವ, ನೆಲದಡಿ ನೀರು ಹರಿಸುವ ಹಳೆಯ ಕರೇಜ್ ಸುರಂಗದ ಸುತ್ತಲಿನ ಬಾವಿಗಳಲ್ಲಿ ನೀರಿನ ಮಟ್ಟ ಹೇಗೆ ಇಳಿಯುತ್ತದೆ ಎಂಬುದಕ್ಕೆ ಮಾತ್ರ ಬೇಸಿಗೆಯೇ ಸರಿಯಾದ ಕಾಲ, ಹಗ್ಗ ಇಳಿಬಿಟ್ಟು ಅಳೆಯುವಾಗ ದೊಡ್ಡವರು ಜೊತೆಗಿದ್ದರೆ.

ಇನ್ನು ಮಾರ್ಗದರ್ಶಕರ ವಿಷಯ. ‘ನನಗೊಂದು ಪ್ರಾಜೆಕ್ಟ್ ಕೊಡಿ’ ಎಂದು ಬರೆದ ಪತ್ರಕ್ಕೆ ಸಾಮಾನ್ಯವಾಗಿ ಉತ್ತರ ಬರುವುದಿಲ್ಲ. ‘ಇದನ್ನು ನೋಡಿದ್ದೇನೆ, ಹೀಗೆ ಅಳೆದಿದ್ದೇನೆ, ಇಲ್ಲಿ ಸಿಕ್ಕಿಕೊಂಡಿದ್ದೇನೆ, ಅರ್ಧ ಗಂಟೆ ಸಮಯ ಕೊಡುತ್ತೀರಾ’ ಎಂದು ಹತ್ತು ಸಾಲು ಬರೆದರೆ ಬರುತ್ತದೆ. ಕನ್ನಡದಲ್ಲಿ ಬರೆದರೂ ಏನೂ ಅಡ್ಡಿಯಿಲ್ಲ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಯಾದಗಿರಿ ಜಿಲ್ಲೆಯ ಭೀಮರಾಯನಗುಡಿಯ ಕೃಷಿ ಕಾಲೇಜು ನಮ್ಮ ಬಸ್ಸಿನ ದಾರಿಯಲ್ಲೇ ಇವೆ. ಪ್ರಾಧ್ಯಾಪಕರಿಗೆ ಬಿಡುವು ಸಿಗುವುದು ಕಷ್ಟ. ಪಿಎಚ್‌ಡಿ ಮಾಡುತ್ತಿರುವ ಸಂಶೋಧನಾ ವಿದ್ಯಾರ್ಥಿಗಳು ಮಕ್ಕಳ ಜೊತೆ ಕೂತು ನೋಟ್‌ಬುಕ್ ತಿರುವಿಹಾಕುವಷ್ಟು ತಾಳ್ಮೆ ತೋರಿಸುತ್ತಾರೆ. ರೈತರಿಗೆ ಉತ್ತರ ಹೇಳಿ ಅಭ್ಯಾಸವಿರುವ ಕೃಷಿ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ಕೂಡ ಹಾಗೆಯೇ. ನಾನು ಹೇಳಿದ ಹುಡುಗಿಯರನ್ನು ಅಂಥ ಒಬ್ಬ ಸಂಶೋಧನಾ ವಿದ್ಯಾರ್ಥಿ ಮೊದಲು ಕೇಳಿದ್ದು, ಅಳೆಯುವಾಗ ಕಿಟಕಿ ತೆರೆದಿತ್ತೇ, ಒಳಗೆ ಎಷ್ಟು ಜನ ಇದ್ದರು, ಒಲೆ ಉರಿಯುತ್ತಿತ್ತೇ ಎಂದು. ಬರೆದುಕೊಂಡಿರಲಿಲ್ಲವಾದ್ದರಿಂದ ಅವರು ಮತ್ತೆ ಅಳೆದರು. ಮಾರ್ಗದರ್ಶನ ಎಂದು ನಾನು ಕರೆಯುವುದು ಇದನ್ನೇ. ಭೇಟಿಗೆ ಶಿಕ್ಷಕರೋ ಪೋಷಕರೋ ಜೊತೆಗಿರಲಿ, ವಿಭಾಗದಲ್ಲಿ ಎಲ್ಲರೂ ಓಡಾಡುವ ಜಾಗದಲ್ಲಿಯೇ ನಡೆಯಲಿ. ಮಾರ್ಗದರ್ಶನಕ್ಕೆಂದು ಹಣ ಕೇಳುವವರ ಬಳಿ ಹೋಗಬೇಡಿ.

ಸ್ವಯಂಸೇವೆಗೆ ಆಸ್ಪತ್ರೆಯೇ ಆಗಬೇಕೆಂದು ಹಲವರು ಹಠ ಹಿಡಿಯುತ್ತಾರೆ. ಹದಿನೈದರ ಮಕ್ಕಳಿಗೆ ವಾರ್ಡಿನಲ್ಲಿ ಮಾಡಲು ಕೆಲಸವಿರುವುದಿಲ್ಲ, ರಕ್ತದಾನಕ್ಕೂ 18 ತುಂಬಿರಬೇಕು. ಅದಕ್ಕಿಂತ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಹೋಗಿ. ಅಲ್ಲಿ ಮಕ್ಕಳ ಪುಸ್ತಕಗಳಿರುತ್ತವೆ, ಓದಿ ಹೇಳುವವರು ಇರುವುದಿಲ್ಲ. ವಾರಕ್ಕೆರಡು ಸಂಜೆ ಐದನೇ ತರಗತಿಯವರನ್ನು ಕೂರಿಸಿಕೊಂಡು ನಿಂಬೆಹಣ್ಣು, ಅರಿಶಿನ, ಸಾಬೂನಿನಿಂದ ಆಮ್ಲ, ಕ್ಷಾರಗಳನ್ನು ತೋರಿಸಿದರೆ ಆ ಮಕ್ಕಳು ಮುಂದಿನ ವಾರ ತಾವಾಗಿಯೇ ಬರುತ್ತಾರೆ. ಜಲಜೀವನ್ ಮಿಷನ್ ಅಡಿ ಪಂಚಾಯಿತಿಗಳಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೆ ತರಬೇತಿಯನ್ನೂ ಕೊಟ್ಟಿದ್ದಾರೆ. ಹಲ್ಲು, ಮೂಳೆ ಕೆಡಿಸುವಷ್ಟು ಫ್ಲೋರೈಡ್ ಇರುವ ಕೊಳವೆಬಾವಿಗಳು ನಮ್ಮ ಭಾಗದಲ್ಲಿ ಬಹಳ ಇರುವುದರಿಂದ, ಆ ತಾಯಂದಿರ ಜೊತೆ ಹೋಗಿ ಫಲಿತಾಂಶ ಬರೆದಿಡುವ ಹುಡುಗರು ಪ್ರತಿ ಊರಿಗೂ ಬೇಕಾಗಿದ್ದಾರೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಕೇಳಿ ಈ ರಜೆಯಲ್ಲೇ ಆರಂಭಿಸಬಹುದು.